ಕಂತು

ಒಂದು ಮೊತ್ತವನ್ನು ಒಮ್ಮೆಗೇ ತೀರಿಸದೆ, ಗೊತ್ತಾದ ಗಡುವುಗಳಲ್ಲಿ ಭಾಗ ಭಾಗವಾಗಿ ಕಟ್ಟುವಾಗ ಒಂದೊಂದು ಭಾಗವೂ ಒಂದು ಕಂತು; ಇಂಗ್ಲಿಷಿನಲ್ಲಿ ಇನ್‌ಸ್ಟಾಲ್‌ಮೆಂಟ್. ಇದು ಮುಂಗಡವಲ್ಲ, ಸಂಚಕಾರವೂ ಅಲ್ಲ. ಅವು ವ್ಯವಹಾರ ಗಟ್ಟಿಮಾಡಲು ಕೊಡುವ ಹಣ. ಕಂತು ಆಗಲೇ ತಲೆಮೇಲಿರುವ ಬಾಕಿಯನ್ನು ಇಳಿಸುವ ಹಣ.

ಇಂಗ್ಲಿಷ್ ಪದದ ಹಿಂದಿರುವುದು ಆಂಗ್ಲೋ-ನಾರ್ಮನ್ ಫ್ರೆಂಚಿನ ‘ಎಸ್ತಲೇರ್’: ಗೊತ್ತುಮಾಡು, ನೆಲೆಗೊಳಿಸು. ಅದಕ್ಕೂ ಹಿಂದೆ ‘ನಿಲ್ಲುವ ಜಾಗ’ ಎಂಬರ್ಥದ ಜರ್ಮಾನಿಕ್ ಬೇರಿದೆ. ಜಾತ್ರೆಯ ಸ್ಟಾಲ್ ಕೂಡ ಅದೇ ಬೇರಿನದು. ಹೀಗಾಗಿ ಪದದ ಒಳಗಿರುವುದು ಹಣದ ತುಂಡಲ್ಲ, ಗೊತ್ತುಮಾಡಿದ ಗಡುವು. ಈಗಿನ ಅರ್ಥ 18ನೇ ಶತಮಾನದಲ್ಲಿ ನೆಲೆಯಾಯಿತು.

ಕನ್ನಡದಲ್ಲಿ ಕಂತಿಗೆ ಬೇರೆ ಹೆಸರುಗಳೂ ಇವೆ. ವಿಜಯಪುರ ಜಿಲ್ಲೆಯ ಅರಕೇರಿ, ತಿಕೋಟಾ, ಬಬಲೇಶ್ವರದ ಸೀಮೆ ಸುಮಾರು ಎರಡು ಶತಮಾನ (1490–1686) ಆದಿಲ್‌ಶಾಹಿ ಆಡಳಿತದಲ್ಲಿತ್ತು, ಮುಂದೆ ಮರಾಠಿ ಮತ್ತು ಮುಂಬಯಿ ಪ್ರಾಂತದ ದಫ್ತರಗಳಿಗೆ ಸೇರಿತು. ಉತ್ತರ ಕರ್ನಾಟಕದ ಲೆಕ್ಕದ ಮಾತಿನಲ್ಲಿ ಕಂತಿನ ಜೊತೆ ಹಪ್ತೆ, ಕಿಸ್ತು ಬಂದದ್ದು ಹೀಗೆ. ಹಪ್ತೆಯ ಮೂಲ ಏಳು ದಿನದ ವಾರವನ್ನು ಸೂಚಿಸುವ ಪಾರಸಿ ಪದ. ಕಿಸ್ತಿನ ಅರಬ್ಬಿ ಮೂಲಕ್ಕೆ ಪಾಲು ಮತ್ತು ನ್ಯಾಯ ಎಂಬ ಎರಡೂ ಅರ್ಥಗಳಿವೆ.

ಆ ನ್ಯಾಯಕ್ಕಾಗಿ ರೈತರು ಬಡಿದಾಡಬೇಕಾಯಿತು. ಪುಣೆ, ಅಹಮದ್‌ನಗರದ ಕಡೆ 1875ರಲ್ಲಿ ಸಾಹುಕಾರರ ಸಾಲಪತ್ರಗಳನ್ನು ಸುಟ್ಟ ದಂಗೆಯ ಬೆನ್ನಿಗೆ, 1879ರಲ್ಲಿ ದಖ್ಖನ್ ರೈತರ ಪರಿಹಾರ ಕಾಯ್ದೆ ಬಂತು. ರೈತನ ಮೇಲಿನ ಡಿಕ್ರಿಯ ಹಣವನ್ನು ಕಂತುಗಳಾಗಿ ಒಡೆದುಕೊಡುವ ಅಧಿಕಾರ ಅದರಿಂದ ನ್ಯಾಯಾಲಯಕ್ಕೆ ಸಿಕ್ಕಿತು. ಇಂದೂ ದಿವಾಣಿ ಪ್ರಕ್ರಿಯಾ ಸಂಹಿತೆಯ 20ನೇ ಆದೇಶದ 11ನೇ ನಿಯಮ ಅಂಥ ಅವಕಾಶ ಕೊಡುತ್ತದೆ.

ವಿಜಯಪುರ ಭಾಗದ ಕಬ್ಬು ಬೆಳೆಗಾರನಿಗೆ ಕಂತು ಎಂದರೆ ಕಟ್ಟುವುದಲ್ಲ, ಬರಬೇಕಾದದ್ದು. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಸಾಗಿಸಿದ 14 ದಿನದೊಳಗೆ ಬಿಲ್ಲು ಪಾವತಿಯಾಗಬೇಕು. ತಡವಾದರೆ ವರ್ಷಕ್ಕೆ ಶೇ. 15 ಬಡ್ಡಿ ಸೇರಬೇಕು. ಮೊದಲ ಕಂತು ಬಂದು ಎರಡನೆಯದಕ್ಕೆ ತಿಂಗಳುಗಟ್ಟಲೆ ಕಾಯಿಸಿದರೆ, ಆ ಬಾಕಿ ರೈತ ಕಾರ್ಖಾನೆಗೆ ಕೊಟ್ಟ ಸಾಲವೇ. ಅದನ್ನು ವಿಳಂಬ ಎಂದಷ್ಟೇ ಕರೆಯುವುದು ಸರಿಯಲ್ಲ. ಸರಕಾರವೂ ಕಂತಿನಲ್ಲೇ ಕೊಡುತ್ತದೆ: ಪಿಎಂ ಕಿಸಾನ್‌ನ ವರ್ಷದ 6,000 ರೂಪಾಯಿ 2,000ದಂತೆ ಮೂರು ಸಲ ಜಮೆಯಾಗುತ್ತದೆ.

ಬ್ಯಾಂಕಿನ ಸಮಾನ ಮಾಸಿಕ ಕಂತಿನಲ್ಲಿ (ಇಎಂಐ) ಮೊತ್ತ ಒಂದೇ ಆದರೂ ಒಳಗಿನ ಅಸಲು-ಬಡ್ಡಿಯ ಪಾಲು ತಿಂಗಳಿಂದ ತಿಂಗಳಿಗೆ ಬೇರೆ. ಶೇ. 12ರ ದರದಲ್ಲಿ ಒಂದು ಲಕ್ಷ ಸಾಲ ಪಡೆದು 12 ತಿಂಗಳಲ್ಲಿ ತೀರಿಸುವವರ ಕಂತು ಸುಮಾರು 8,885 ರೂಪಾಯಿ. ಮೊದಲ ತಿಂಗಳು ಅದರಲ್ಲಿ 1,000 ಬಡ್ಡಿಗೇ ಹೋಗುತ್ತದೆ. ಕೊನೆಯ ತಿಂಗಳು ಬಡ್ಡಿ 90 ರೂಪಾಯಿಯನ್ನೂ ಮುಟ್ಟುವುದಿಲ್ಲ. ಅವಧಿ ಉದ್ದವಾದಷ್ಟೂ ಮೊದಮೊದಲ ಕಂತುಗಳನ್ನು ಬಡ್ಡಿ ಹೆಚ್ಚು ನುಂಗುತ್ತದೆ. ಸಂಬಳದಾರನಿಗೆ ತಿಂಗಳ ಲೆಕ್ಕ ಒಗ್ಗುತ್ತದೆ, ಆದರೆ ದ್ರಾಕ್ಷಿ ಬೆಳೆಯುವವನ ಕೈಗೆ ದುಡ್ಡು ಬರುವುದು ಸುಗ್ಗಿಗೆ. ಟ್ರ್ಯಾಕ್ಟರ್ ಸಾಲಕ್ಕೆ ಆರು ತಿಂಗಳ ಅಥವಾ ವರ್ಷದ ಕಂತು ಇಡುವ ರೂಢಿ ಇರುವುದು ಇದಕ್ಕಾಗಿ.