ಲಂಡನ್ನಿನ ದಾರಿಯಲ್ಲಿ ಕರ್ನಾಟಕದ ಚರಿತ್ರೆ

ಬೆಂಗಳೂರಿನ ಪಶ್ಚಿಮ ಭಾಗದ ಬಡಾವಣೆಗಳಿಗೆ ಇಟ್ಟ ಹೆಸರುಗಳಲ್ಲಿ ಇಪ್ಪತ್ತನೆಯ ಶತಮಾನದ ಕನ್ನಡಿಗರ ಚರಿತ್ರೆಯ ಅಭಿಮಾನ ಸ್ಪಷ್ಟವಾಗಿ ಕಾಣುತ್ತದೆ. 1949ರಲ್ಲಿ ರೂಪುಗೊಂಡ ರಾಜಾಜಿನಗರವು ಅಂದಿನ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿ ಅವರ ಹೆಸರನ್ನು ಪಡೆದರೆ, ಕೇತಮಾರನಹಳ್ಳಿ, ಸಾಣೆಗುರುವನಹಳ್ಳಿ, ಹೊಸಹಳ್ಳಿ, ಮೂಡಲಪಾಳ್ಯಗಳಂತಹ ಹಳ್ಳಿಗಳ ಸುತ್ತ ಮುಂದೆ ಬೆಳೆದ ಬಡಾವಣೆಗಳಲ್ಲಿ ಬಸವೇಶ್ವರನಗರವು ಹನ್ನೆರಡನೆಯ ಶತಮಾನದ ಶರಣರನ್ನೂ, ವಿಜಯನಗರ ಮತ್ತು ಅದಕ್ಕೆ ಸೇರಿದ ಹಂಪಿನಗರಗಳು ತುಂಗಭದ್ರೆಯ ದಂಡೆಯ ರಾಜಧಾನಿಯನ್ನೂ ನೆನಪಿಸುತ್ತವೆ. ಹೀಗೆ ಊರಿನ ಫಲಕಗಳಿಗೆ ಇಳಿದ ಈ ಚರಿತ್ರೆಯು ಶಾಸನ, ನಾಣ್ಯ ಮತ್ತು ದಾಖಲೆಗಳ ಆಧಾರದ ಮೇಲೆ ಶಾಸ್ತ್ರೀಯವಾಗಿ ಕಟ್ಟಲ್ಪಟ್ಟದ್ದು ಹೆಚ್ಚು ಹಿಂದೆಯೇನಲ್ಲ. ಅದನ್ನು ಕಟ್ಟಿದ ಮೊದಲ ತಲೆಮಾರಿನ ಕನ್ನಡಿಗರಲ್ಲಿ ಇಬ್ಬರು ಪ್ರಮುಖರು ತಮ್ಮ ವಿದ್ಯೆಯನ್ನು ಪೂರ್ಣಗೊಳಿಸಿಕೊಂಡದ್ದು ಮೈಸೂರಿನಲ್ಲಾಗಲಿ ಧಾರವಾಡದಲ್ಲಾಗಲಿ ಅಲ್ಲ, ಲಂಡನ್ನಿನಲ್ಲಿ. ತಮ್ಮದೇ ನಾಡಿನ ಚರಿತ್ರೆಯನ್ನು ಕಲಿಯಲು ಸಮುದ್ರ ದಾಟಬೇಕಾದ ಈ ಸ್ಥಿತಿ ಹೇಗೆ ಬಂತು, ಹಾಗೆ ದಾಟಿದವರಿಂದ ನಾಡಿಗೆ ಏನು ದಕ್ಕಿತು ಎಂಬುದು ವಿಚಾರ ಮಾಡತಕ್ಕ ವಿಷಯ.

ಮೊದಲ ಕಾರಣ, ಆಕರಗಳ ವಲಸೆ. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ ಟಿಪ್ಪು ಸುಲ್ತಾನನ ಗ್ರಂಥಭಂಡಾರದ ಹಸ್ತಪ್ರತಿಗಳು ಕಲ್ಕತ್ತೆಗೂ ಲಂಡನ್ನಿಗೂ ಹಂಚಿಹೋದವು. ಆತ ತನ್ನ ಕನಸುಗಳನ್ನು ಬರೆದಿಟ್ಟುಕೊಂಡಿದ್ದ ಪುಸ್ತಕ ಈಸ್ಟ್ ಇಂಡಿಯಾ ಕಂಪನಿಯ ಗ್ರಂಥಾಲಯ ಸೇರಿತು, ಯುರೋಪಿಯನ್ ಸೈನಿಕನನ್ನು ಕೆಡವಿ ನಿಂತ ಮರದ ಹುಲಿ ಕಂಪನಿಯ ಲಂಡನ್ ಕಚೇರಿಯಲ್ಲಿ ಜನರ ನೋಟಕ್ಕೆ ಸಿಕ್ಕಿ ಕಡೆಗೆ ಅಲ್ಲಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ ನೆಲೆಗೊಂಡಿತು. ಅದೇ ಯುದ್ಧದ ಬಳಿಕ ಮೈಸೂರು ಸೀಮೆಯ ಮೋಜಣಿಗೆ ನಿಯುಕ್ತನಾದ ಕಾಲಿನ್ ಮೆಕೆಂಜಿ ತನ್ನ ಪಂಡಿತರ ನೆರವಿನಿಂದ ಶಾಸನಗಳ ಪ್ರತಿಗಳನ್ನೂ, ಊರೂರಿನ ಹಿರಿಯರು, ಶಾನುಭೋಗರು ಹೇಳಿದ ಸ್ಥಳವೃತ್ತಾಂತಗಳನ್ನು ಬರೆಸಿದ ಕೈಫಿಯತ್ತುಗಳನ್ನೂ ಕೂಡಿಹಾಕಿದನು. ಆ ಭಂಡಾರವೂ ಮದ್ರಾಸು ಮತ್ತು ಲಂಡನ್ನುಗಳ ನಡುವೆ ಒಡೆದುಹೋಯಿತು. ಆಡಳಿತದ ಅನೇಕ ಕಾಗದಪತ್ರಗಳು ಲಂಡನ್ನಿನ ಇಂಡಿಯಾ ಆಫೀಸಿನಲ್ಲೂ, ಹಳೆಯ ನಾಣ್ಯಗಳ ದೊಡ್ಡ ಸಂಗ್ರಹವೊಂದು ಬ್ರಿಟಿಷ್ ಮ್ಯೂಸಿಯಮ್ಮಿನಲ್ಲೂ ಇದ್ದುದರಿಂದ ಸಂಶೋಧಕನಾಗಬೇಕೆಂದವನು ತನ್ನ ನಾಡಿನ ಬದುಕಿನ ಒಂದು ಭಾಗವನ್ನು ಆ ನಗರದಲ್ಲಿಯೇ ಹುಡುಕಬೇಕಾಗಿತ್ತು.

ಆದರೆ ಕರ್ನಾಟಕದ ಚರಿತ್ರೆಯ ಅತಿ ದೊಡ್ಡ ಆಕರವಾದ ಕಲ್ಲಿನ ಶಾಸನಗಳನ್ನು ಯಾರೂ ಹೊತ್ತೊಯ್ಯಲಾಗಿರಲಿಲ್ಲ. 1837ರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿದ ಬಿ.ಎಲ್. ರೈಸ್ ಮೈಸೂರು ಸಂಸ್ಥಾನದ ಪ್ರಾಚ್ಯವಸ್ತು ಇಲಾಖೆಯ ಹೊಣೆ ಹೊತ್ತು, 1886ರಿಂದ 1905ರವರೆಗೆ ಎಪಿಗ್ರಾಫಿಯ ಕರ್ನಾಟಿಕದ ಹನ್ನೆರಡು ಸಂಪುಟಗಳಲ್ಲಿ ಸುಮಾರು 9000 ಶಾಸನಗಳನ್ನು ಪ್ರಕಟಿಸಿದರು. ಬೆಂಗಳೂರು ಜಿಲ್ಲೆಯ ಶಾಸನಗಳಿಗೆ ಅದರಲ್ಲಿ ಒಂಬತ್ತನೆಯ ಸಂಪುಟವೇ ಮೀಸಲಾಯಿತು. ಮುಂಬಯಿ ಕರ್ನಾಟಕದಲ್ಲಿ ಜೆ.ಎಫ್. ಫ್ಲೀಟ್ ಇದೇ ಬಗೆಯ ಕೆಲಸ ನಡೆಸಿದರು. ಹೀಗೆ ಓದಿಗೆ ಬೇಕಾದ ಸಾಮಗ್ರಿಯ ಒಂದು ಪಾಲು ನಾಡಿನಲ್ಲಿಯೇ ಅಚ್ಚಾಗಿದ್ದರೂ, ಅದನ್ನು ವಿಮರ್ಶೆಗೆ ಒಳಪಡಿಸಿ ಕಾಲನಿರ್ಣಯ ಮಾಡುವ, ಇತರ ದೇಶಗಳ ಸಾಮಗ್ರಿಯೊಡನೆ ಹೋಲಿಸುವ ಶಿಕ್ಷಣಕ್ಕೆ ಇಲ್ಲಿ ವ್ಯವಸ್ಥೆ ಇರಲಿಲ್ಲ; ಇದು ಎರಡನೆಯ ಕಾರಣ. ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದದ್ದೇ 1916ರಲ್ಲಿ.

ಅದೇ 1916ರಲ್ಲಿ ಲಂಡನ್ನಿನಲ್ಲಿಯೂ ಪೌರಸ್ತ್ಯ ಅಧ್ಯಯನಗಳ ಶಾಲೆಯೊಂದು ಸ್ಥಾಪಿತವಾಗಿ ಮರುವರ್ಷ ವಿದ್ಯಾರ್ಥಿಗಳಿಗೆ ತೆರೆಯಿತು. ವಸಾಹತುಗಳಿಗೆ ಹೋಗುವ ಅಧಿಕಾರಿಗಳಿಗೂ ವ್ಯಾಪಾರಿಗಳಿಗೂ ಅಲ್ಲಿನ ಭಾಷೆಗಳನ್ನು ಕಲಿಸುವುದು ಅದರ ಉದ್ದೇಶಗಳಲ್ಲಿ ಮುಖ್ಯವಾದುದಾಗಿದ್ದರೂ, ವಸಾಹತುಗಳಿಂದ ಬಂದ ವಿದ್ಯಾರ್ಥಿಗಳು ಅದನ್ನು ತಮ್ಮ ಪೂರ್ವಿಕರ ಚರಿತ್ರೆಯನ್ನು ಅರಿಯುವ ಸ್ಥಳವನ್ನಾಗಿ ಮಾಡಿಕೊಂಡರು. ಅಲ್ಲಿ ಸಂಸ್ಕೃತ ಬೋಧಿಸುತ್ತಿದ್ದ ಎಲ್.ಡಿ. ಬಾರ್ನೆಟ್ ಬ್ರಿಟಿಷ್ ಮ್ಯೂಸಿಯಮ್ಮಿನ ಪೌರಸ್ತ್ಯ ಗ್ರಂಥ ವಿಭಾಗದ ಮುಖ್ಯಸ್ಥರೂ ಆಗಿದ್ದು, ಅಲ್ಲಿನ ಕನ್ನಡ, ಬಡಗ ಮತ್ತು ಕೊಡವ ಪುಸ್ತಕಗಳ ಸೂಚಿಯನ್ನು 1910ರಲ್ಲಿ ಹೊರತಂದಿದ್ದರು. ಉತ್ತರ ಕರ್ನಾಟಕದ ಅನೇಕ ಕನ್ನಡ ಶಾಸನಗಳನ್ನು ಅವುಗಳ ಪಡಿಯಚ್ಚುಗಳಿಂದ, ಅಂದರೆ ಕಲ್ಲಿನ ಮೇಲೆ ಒದ್ದೆ ಕಾಗದ ಒತ್ತಿ ಶಾಯಿಯಿಂದ ತೆಗೆದ ಪ್ರತಿಗಳಿಂದ, ಓದಿ ಸಂಪಾದಿಸಿದ್ದರು.

ಲಂಡನ್ನಿನ ಶಿಕ್ಷಣವನ್ನು ನಾಡಿನ ನೆಲಕ್ಕೆ ನೇರವಾಗಿ ತಂದವರಲ್ಲಿ ಎಂ.ಎಚ್. ಕೃಷ್ಣ (1892–1947) ಮೊದಲಿಗರು. ಅವರು ಲಂಡನ್ ವಿಶ್ವವಿದ್ಯಾನಿಲಯದಲ್ಲಿ ದಖನ್ನಿನ ನಾಣ್ಯಶಾಸ್ತ್ರವನ್ನು ಕುರಿತು ಸಂಶೋಧನೆ ನಡೆಸಿ ಡಿ.ಲಿಟ್. ಪದವಿ ಪಡೆದರು. ನಾಣ್ಯದ ಲೋಹ, ತೂಕ, ಮುದ್ರೆ ಮತ್ತು ಅಕ್ಷರಗಳನ್ನು ಪರೀಕ್ಷಿಸಿ ಅದನ್ನು ಹೊರಡಿಸಿದ ಅರಸನ ಕಾಲವನ್ನೂ ವ್ಯಾಪಾರದ ಹರವನ್ನೂ ನಿರ್ಣಯಿಸುವುದು ಆ ಶಾಸ್ತ್ರದ ಕೆಲಸ. ಹಿಂದಿರುಗಿ ಮಹಾರಾಜಾ ಕಾಲೇಜಿನಲ್ಲಿ ಪಾಠ ಹೇಳುತ್ತಲೇ 1929ರಲ್ಲಿ ಮೈಸೂರು ಪ್ರಾಚ್ಯವಸ್ತು ಇಲಾಖೆಯ ನಿರ್ದೇಶಕರಾದ ಅವರು ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ಅಗೆತ ನಡೆಸಿದರು. ಅಲ್ಲಿ ಶಾತವಾಹನರ ಸೀಸದ ನಾಣ್ಯಗಳ ಜೊತೆಗೆ ರೋಮನ್ ಚಕ್ರವರ್ತಿಗಳ ಬೆಳ್ಳಿಯ ನಾಣ್ಯಗಳೂ ದೊರೆತು, ಕರ್ನಾಟಕದ ಒಳನಾಡಿಗೆ ಎರಡು ಸಾವಿರ ವರ್ಷಗಳ ಹಿಂದೆಯೇ ಮೆಡಿಟರೇನಿಯನ್ ಲೋಕದೊಡನೆ ಸಂಪರ್ಕವಿದ್ದುದು ಖಚಿತವಾಯಿತು. ಅಶೋಕನ ಶಾಸನಗಳಿಂದ ಹೆಸರಾಗಿದ್ದ ಬ್ರಹ್ಮಗಿರಿಯಲ್ಲಿ ಅವರು 1940ರಲ್ಲಿ ಅಗೆಸಿದರು. 1947ರಲ್ಲಿ ಪುರಾತತ್ತ್ವಜ್ಞ ಮಾರ್ಟಿಮರ್ ವೀಲರ್ ಇದೇ ಎರಡು ನೆಲೆಗಳಿಗೆ ಬಂದು ಮಣ್ಣಿನ ಪದರಗಳ ಕ್ರಮದಿಂದ ಕಾಲವನ್ನು ನಿಗದಿಪಡಿಸುವ ಸ್ತರಕ್ರಮ ವಿಧಾನದಲ್ಲಿ ಮತ್ತೆ ಅಗೆಸಿ, ದಕ್ಷಿಣ ಭಾರತದ ಪ್ರಾಚೀನ ಸಂಸ್ಕೃತಿಗಳ ಕಾಲಾನುಕ್ರಮಕ್ಕೆ ಒಂದು ಚೌಕಟ್ಟು ಒದಗಿಸಿದರು. ಕೃಷ್ಣ ಅವರ ಹೆಸರು ಸಾಮಾನ್ಯ ಓದುಗರಿಗೂ ಪರಿಚಿತವಾಗಿರುವುದು ಹಾಸನ ಜಿಲ್ಲೆಯ ಹಲ್ಮಿಡಿ ಶಾಸನದಿಂದ. ಇಲಾಖೆಯ 1936ರ ವರದಿಯಲ್ಲಿ ಅವರು ಪ್ರಕಟಿಸಿ ಸುಮಾರು ಕ್ರಿ.ಶ. 450ರದೆಂದು ನಿರ್ಣಯಿಸಿದ ಆ ಶಾಸನ ಕನ್ನಡದ ಅತ್ಯಂತ ಹಳೆಯ ದೀರ್ಘ ಬರಹವೆಂದು ಬಹುಕಾಲ ಮಾನ್ಯವಾಗಿತ್ತು.

ಎರಡನೆಯವರು ತುಳುನಾಡಿನ ಬಿ.ಎ. ಸಾಲೆತೊರೆ. ವಿಜಯನಗರ ಸಾಮ್ರಾಜ್ಯದ ಸಾಮಾಜಿಕ ಮತ್ತು ರಾಜಕೀಯ ಜೀವನವನ್ನು ಕುರಿತು ಅವರು ಲಂಡನ್ ವಿಶ್ವವಿದ್ಯಾನಿಲಯಕ್ಕೆ ಸಲ್ಲಿಸಿದ ಪಿಎಚ್.ಡಿ. ಪ್ರಬಂಧ 1934ರಲ್ಲಿ ಮದ್ರಾಸಿನಿಂದ ಎರಡು ಸಂಪುಟಗಳಾಗಿ ಪ್ರಕಟವಾಯಿತು. ಜರ್ಮನಿಯ ಗೀಸನ್ ವಿಶ್ವವಿದ್ಯಾನಿಲಯದಿಂದಲೂ ಅವರು ಡಾಕ್ಟರೇಟ್ ಪಡೆದರು. ಅರಸರ ಯುದ್ಧ ಮತ್ತು ವಂಶಾವಳಿಗಳಿಗೆ ಮೀಸಲಾಗಿದ್ದ ಚರಿತ್ರೆಯ ಬರವಣಿಗೆಯನ್ನು ಅವರು ಗ್ರಾಮಾಡಳಿತ, ಜಾತಿಗಳ ಸ್ಥಿತಿ, ಸ್ತ್ರೀಯರ ಬದುಕು, ಹಬ್ಬ, ಉಡುಗೆತೊಡುಗೆಗಳತ್ತ ತಿರುಗಿಸಿ, ವಿದೇಶೀ ಪ್ರವಾಸಿಗಳ ಬರಹಗಳನ್ನು ಶಾಸನಗಳ ಸಾಕ್ಷ್ಯದೊಡನೆ ಒರೆಗೆ ಹಚ್ಚಿದರು. ಸಾಮ್ರಾಜ್ಯದ ಸ್ಥಾಪಕರು ಕನ್ನಡ ನಾಡಿನವರೇ ಅಥವಾ ಆಂಧ್ರದಿಂದ ಬಂದವರೇ ಎಂದು 1930ರ ದಶಕದಲ್ಲಿ ನಡೆದ ಬಿರುಸಿನ ವಾದದಲ್ಲಿ ಸಾಲೆತೊರೆಯವರು ಕರ್ನಾಟಕ ಮೂಲವನ್ನು ಪ್ರತಿಪಾದಿಸಿದರು. ದೂರದ ನಗರದಲ್ಲಿ ಕಲಿತವರು ತಾಯ್ನಾಡಿನ ವಿವಾದಗಳಿಂದ ದೂರವಾಗಿರಲಿಲ್ಲ ಎಂಬುದಕ್ಕೆ ಇದು ನಿದರ್ಶನ. 1936ರಲ್ಲಿ ಅವರು ತುಳುವ ಚರಿತ್ರೆಯನ್ನು ಹೊರತಂದರು. ಮುಂದೆ ದೆಹಲಿಯ ರಾಷ್ಟ್ರೀಯ ಪತ್ರಾಗಾರದ ನಿರ್ದೇಶಕರಾಗಿಯೂ, ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಿಯೂ ಕೆಲಸ ಮಾಡಿದರು.

ಇದೇ ಕಾಲದಲ್ಲಿ ವಿದೇಶದ ಪದವಿಯ ಹಂಗಿಲ್ಲದ ಇನ್ನೊಂದು ಧಾರೆಯೂ ನಾಡಿನಲ್ಲಿ ಹರಿಯುತ್ತಿತ್ತು. ಧಾರವಾಡದಲ್ಲಿ 1914ರಲ್ಲಿ ಕರ್ನಾಟಕ ಇತಿಹಾಸ ಸಂಶೋಧನ ಮಂಡಳ ಹುಟ್ಟಿತು. ಆಲೂರು ವೆಂಕಟರಾಯರ ಕರ್ನಾಟಕ ಗತವೈಭವ 1917ರಲ್ಲಿ ಪ್ರಕಟವಾಗಿ ಏಕೀಕರಣದ ಆಸೆಗೆ ಚರಿತ್ರೆಯ ಬಲ ಕೊಟ್ಟಿತು. ವಿಜಯನಗರ ಸ್ಥಾಪನೆಯ ಆರುನೂರನೆಯ ವರ್ಷದ ಉತ್ಸವ 1936ರಲ್ಲಿ ನಡೆದು, ಅದರ ಸ್ಮಾರಕ ಸಂಪುಟ ಧಾರವಾಡದಿಂದ ಹೊರಬಂದಿತು. ಜನರ ಮನಸ್ಸಿನಲ್ಲಿ ವಿಜಯನಗರವನ್ನು ನೆಲೆಗೊಳಿಸಿದ್ದು ಮುಖ್ಯವಾಗಿ ಈ ಧಾರೆಯೇ. ಲಂಡನ್ನಿನಲ್ಲಿ ಕಲಿತ ವಿದ್ವಾಂಸರ ಮುಖ್ಯ ಕೃತಿಗಳು ಇಂಗ್ಲಿಷಿನಲ್ಲಿದ್ದುದರಿಂದ ಅವರು ಗಳಿಸಿದ ಖಚಿತ ತಿಳಿವಳಿಕೆ ಕನ್ನಡದ ಓದುಗರಿಗೆ ತಡವಾಗಿ, ಅದೂ ಇತರರ ಪುಸ್ತಕಗಳ ಮೂಲಕ ತಲುಪಿತು. ಆ ವಿದ್ಯೆಯ ದೊಡ್ಡ ಕೊರತೆ ಇದು.

ಕಲೆಯ ಕ್ಷೇತ್ರದ ಅನುಭವ ತುಸು ಬೇರೆ. ಉಡುಪಿಯ ಬಳಿಯ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರು ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು ಪಳಗಿದ ಮೇಲೆಯೇ 1949–50ರಲ್ಲಿ ಪ್ಯಾರಿಸ್ಸಿನ ಅಕಾಡೆಮಿ ಜೂಲಿಯನ್‌ನಲ್ಲಿ ಅಭ್ಯಾಸ ಮಾಡಿದರು. ಹಿಂದಿರುಗಿದ ಅವರ ರೇಖೆಗಳಲ್ಲಿ ಕುಣಿದದ್ದು ಈ ನೆಲದ ನರ್ತಕರು, ವಾದ್ಯಗಾರರು, ದುಡಿಯುವ ಜನ. ಅತ್ತ ರಾಜಾಜಿನಗರದಲ್ಲಿ ನೆಲೆಸಿದ ಸ್ವಾತಂತ್ರ್ಯ ಹೋರಾಟಗಾರ ರುಮಾಲೆ ಚೆನ್ನಬಸವಯ್ಯ (1910–1988) ವಿದೇಶದ ಶಾಲೆಯ ನೆರವಿಲ್ಲದೆ ಬೆಂಗಳೂರಿನ ಹೂಮರಗಳನ್ನೂ ರಸ್ತೆಗಳನ್ನೂ ಪ್ರಖರ ವರ್ಣಗಳಲ್ಲಿ ಚಿತ್ರಿಸಿದರು. ಚರಿತ್ರಕಾರನನ್ನು ಆಕರಗಳು ಎಳೆದಷ್ಟು ಬಲವಾಗಿ ಕಲಾವಿದನನ್ನು ವಿದೇಶದ ನಗರ ಎಳೆಯಲಿಲ್ಲ. ಅದು ಅವನಿಗೆ ಅನಿವಾರ್ಯವಾಗಿರದೆ ಆಯ್ಕೆಯಾಗಿತ್ತು.

ಸ್ವಾತಂತ್ರ್ಯದ ಬಳಿಕ ಚರಿತ್ರೆಯ ಅಧ್ಯಯನದಲ್ಲಿಯೂ ಅನಿವಾರ್ಯತೆ ಸಡಿಲವಾಯಿತು. ಎಂ. ಚಿದಾನಂದಮೂರ್ತಿಯವರು ಡಾಕ್ಟರೇಟಿಗಾಗಿ ಕನ್ನಡದಲ್ಲಿಯೇ ಬರೆದ ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ 1966ರಲ್ಲಿ ಪ್ರಕಟವಾಯಿತು. ವೀರಗಲ್ಲು, ಮಾಸ್ತಿಕಲ್ಲುಗಳಿಂದ ಹಿಡಿದು ವಿದ್ಯಾಭ್ಯಾಸದ ಪದ್ಧತಿಯವರೆಗೆ ಕ್ರಿ.ಶ. 450ರಿಂದ 1150ರ ಅವಧಿಯ ಬದುಕನ್ನು ಶಾಸನಗಳಿಂದ ಬಿಡಿಸಿ ತೋರಿಸಿದ ಆ ಗ್ರಂಥದ ಆರಂಭದ ವರ್ಷ ಕೃಷ್ಣ ಅವರು ಹಲ್ಮಿಡಿಗೆ ಗೊತ್ತುಪಡಿಸಿದ ವರ್ಷವೇ ಆಗಿರುವುದು ಗಮನಾರ್ಹ. ಲಂಡನ್ನಿನ ಶಿಸ್ತು ಕನ್ನಡದ ಬರಹದಲ್ಲಿ ಬೇರು ಬಿಟ್ಟ ಘಟ್ಟವಿದು. 1964ರಲ್ಲಿ ಸ್ಥಾಪಿತವಾಗಿ ಮುಂದೆ ಕೆಂಗೇರಿಯ ದಾರಿಯ ಜ್ಞಾನಭಾರತಿಗೆ ಬಂದ ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಚಿದಾನಂದಮೂರ್ತಿಯವರು ಕನ್ನಡ ಅಧ್ಯಯನ ಕೇಂದ್ರದ ಮುಖ್ಯಸ್ಥರಾದರು. 1980ರಿಂದ ಪ್ರಯಾಣದ ದಿಕ್ಕೂ ತಿರುಗಿತು. ಲಂಡನ್ನಿನ ಅದೇ ಪೌರಸ್ತ್ಯ ಶಾಲೆಯಲ್ಲಿ ಸಂಶೋಧನೆ ಮಾಡಿದ್ದ ಜಾರ್ಜ್ ಮಿಷೆಲ್, ಅಮೆರಿಕದ ಜಾನ್ ಫ್ರಿಟ್ಸ್ ಅವರೊಡನೆ ಹಂಪಿಗೆ ಬಂದು ಕರ್ನಾಟಕದ ಪುರಾತತ್ತ್ವ ಇಲಾಖೆಯ ಸಹಕಾರದಿಂದ ಅಲ್ಲಿನ ಅರಮನೆ, ಗುಡಿ, ಬೀದಿಗಳ ಅವಶೇಷಗಳನ್ನು ಅಳೆದು ನಕ್ಷೆ ಮಾಡತೊಡಗಿದರು.

ಹಾಗೆಂದ ಮಾತ್ರಕ್ಕೆ ವಿದೇಶದ ಓದು ಮುಗಿದ ಅಧ್ಯಾಯವಲ್ಲ. 1950ರ ದಶಕದಿಂದ ಪರಿಶಿಷ್ಟ ಜಾತಿಯ ಮತ್ತಿತರ ದುರ್ಬಲ ವರ್ಗಗಳ ವಿದ್ಯಾರ್ಥಿಗಳನ್ನು ಹೊರದೇಶಗಳಿಗೆ ಕಳುಹಿಸುತ್ತಿರುವ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನದ ನಿಯಮಗಳನ್ನು 2022ರಲ್ಲಿ ತಿದ್ದಿದಾಗ, ಭಾರತದ ಸಂಸ್ಕೃತಿ, ಪರಂಪರೆ, ಚರಿತ್ರೆ ಮತ್ತು ಸಮಾಜವನ್ನು ಕುರಿತ ಸಂಶೋಧನೆಯನ್ನು ಅದರ ವ್ಯಾಪ್ತಿಯಿಂದ ಕೈಬಿಡಲಾಯಿತು. ಆ ವಿಷಯಗಳಿಗೆ ಬೇಕಾದ ಆಕರಗಳೂ ತಜ್ಞರೂ ದೇಶದಲ್ಲಿಯೇ ಇದ್ದಾರೆಂಬುದು ಅದಕ್ಕೆ ಕೊಟ್ಟ ಸಮರ್ಥನೆ. ಕಲ್ಲಿನ ಶಾಸನಗಳ ಮಟ್ಟಿಗೆ ಈ ಮಾತು ನಿಜ; ಟಿಪ್ಪುವಿನ ಕಾಗದಗಳ, ಮೆಕೆಂಜಿಯ ಸಂಗ್ರಹದ ಲಂಡನ್ ಭಾಗದ, ಇಂಡಿಯಾ ಆಫೀಸಿನ ಕಡತಗಳ ಮಟ್ಟಿಗೆ ನಿಜವಲ್ಲ. ಸ್ವಂತ ಹಣದ ಬಲವಿರುವವರು ಇಂದಿಗೂ ಆ ಆಕರಗಳ ಬಳಿಗೆ ಹೋಗಬಲ್ಲರು; ಹಣವಿಲ್ಲದವರಿಗೆ ಬಾಗಿಲು ಮುಚ್ಚಿದರೆ ಚರಿತ್ರೆಯನ್ನು ಬರೆಯುವ ಹಕ್ಕು ಉಳ್ಳವರ ಪಾಲಾಗುತ್ತದೆ. ಕೃಷ್ಣ ಮತ್ತು ಸಾಲೆತೊರೆಯವರ ಕಾಲದಿಂದ ಕಲಿಯಬಹುದಾದ ಪಾಠಗಳು ಎರಡು: ನಾಡಿನ ಚರಿತ್ರೆಯನ್ನು ಹೊರಗೆ ನಿಂತು ಕಲಿಯಲು ಸಮಾಜವೂ ಸರ್ಕಾರವೂ ನೆರವಾಗಬೇಕು, ಹಾಗೆ ಕಲಿತವರು ತಮ್ಮ ಫಲವನ್ನು ಕನ್ನಡದಲ್ಲಿ ಕನ್ನಡಿಗರ ಮುಂದಿಡಬೇಕು. ಮೊದಲನೆಯದು ನಡೆದು ಎರಡನೆಯದು ನಡೆಯದಿದ್ದರೆ ವಿಜಯನಗರವೆಂಬುದು ಬೆಂಗಳೂರಿನ ಬಹುಪಾಲು ಜನರಿಗೆ ಒಂದು ಬಡಾವಣೆಯ ಹೆಸರಾಗಿಯೇ ಉಳಿಯುತ್ತದೆ.