ಕಾರಿನ ಕೀ ಕೈ ಕೊಡೋದು ಯಾಕೆ? 40 ವರ್ಷಗಳ ಕಥೆ, 8 ಭಾಗಗಳಲ್ಲಿ

ಭಾಗ 1: ಓಹಾಯೋದ ಒಂದು ಬೀದಿ

2019ರ ಏಪ್ರಿಲ್ ಕೊನೆ. ಅಮೆರಿಕದ ಕ್ಲೀವ್‌ಲ್ಯಾಂಡ್ ಪಕ್ಕದ ನಾರ್ತ್ ಓಲ್ಮ್‌ಸ್ಟೆಡ್ ಎಂಬ ಊರು. ಅಲ್ಲಿನ ಒಂದು ಬಡಾವಣೆಯಲ್ಲಿ ಇದ್ದಕ್ಕಿದ್ದಂತೆ ಕಾರಿನ ರಿಮೋಟ್‌ಗಳು ಸತ್ತು ಹೋದವು. ಗ್ಯಾರೇಜ್ ಬಾಗಿಲುಗಳೂ ತೆರೆಯಲ್ಲ. ಬ್ಯಾಟರಿ ಬದಲಾಯಿಸಿದ್ರು, ಆಗಲಿಲ್ಲ. ಅದೇ ಕೀ ಬೇರೆ ಬೀದಿಯಲ್ಲಿ ಸರಿಯಾಗಿ ಕೆಲಸ ಮಾಡುತ್ತೆ, ಮನೆ ಮುಂದೆ ಬಂದ್ರೆ ಮೌನ!

ವಿದ್ಯುತ್ ಕಂಪನಿಯವರು ಬಂದ್ರು, ಟೆಲಿಫೋನ್ ಕಂಪನಿಯವರು ಬಂದ್ರು, ಹವ್ಯಾಸಿ ರೇಡಿಯೋದವರು ಆಂಟೆನಾ ಹಿಡಿದು ಬೀದಿ ಬೀದಿ ಅಲೆದ್ರು. ಕೊನೆಗೆ ಸಿಕ್ಕಿದ್ದು ಒಂದು ಮನೆಯಲ್ಲಿದ್ದ ಪುಟ್ಟ ಪೆಟ್ಟಿಗೆ. ಎಲೆಕ್ಟ್ರಾನಿಕ್ಸ್ ಹುಚ್ಚಿದ್ದ ಅಲ್ಲಿನ ನಿವಾಸಿ ಅದನ್ನು ತಾನೇ ಕಟ್ಟಿದ್ದ. ತಾನು ನೆಲಮಾಳಿಗೆಯಲ್ಲಿ ಕೆಲಸ ಮಾಡುವಾಗ ಮೇಲೆ ಯಾರಾದ್ರೂ ಬಂದ್ರೆ ಗೊತ್ತಾಗಲಿ ಅಂತ ಅಷ್ಟೇ. ಅದು ಬಿಡುವೇ ಇಲ್ಲದೆ 315 ಮೆಗಾಹರ್ಟ್ಜ್ ತರಂಗ ಬಿಡುತ್ತಿತ್ತು. ಅಮೆರಿಕದ ಕಾರ್ ಕೀಗಳು ಮಾತಾಡೋದೂ ಅದೇ ತರಂಗದಲ್ಲಿ. ಪೆಟ್ಟಿಗೆಯ ಬ್ಯಾಟರಿ ತೆಗೆದ ಮೇಲೆ ಬೀದಿ ಮತ್ತೆ ಮಾಮೂಲಾಯಿತು. ಆತನಿಗೆ ಕೆಟ್ಟ ಉದ್ದೇಶ ಇರಲಿಲ್ಲ, ಹೀಗಾಗ್ತಿದೆ ಅನ್ನೋದೂ ಗೊತ್ತಿರಲಿಲ್ಲ.

ನಿಮ್ಮ ಕೀ ಕೈ ಕೊಟ್ಟಾಗ ನೀವು ಬೈಯೋದು ಯಾರನ್ನ? ಕೀಯನ್ನ, ಕಾರನ್ನ, ಇಲ್ಲಾ ಮೆಕ್ಯಾನಿಕ್‌ನ. ಆದರೆ ಪ್ರತಿ ತೊಂದರೆಗೂ ಒಂದು ಹುಟ್ಟಿದ ವರ್ಷ ಇದೆ. ಅದು ಗೊತ್ತಾದ್ರೆ ದೋಷ ಹುಡುಕೋದು ಸುಲಭ. ಬನ್ನಿ, ಹಿಂದಕ್ಕೆ ಹೋಗೋಣ. 👇

ಭಾಗ 2: ಬಾಗಿಲ ಮೇಲೆ ಐದು ಬಟನ್ (1980)

ಕೀ ಇಲ್ಲದೆ ಬಾಗಿಲು ತೆರೆಯುವ ವ್ಯವಸ್ಥೆಯನ್ನು 1980ರಲ್ಲಿ ತಂದಿದ್ದು ಫೋರ್ಡ್. ಥಂಡರ್‌ಬರ್ಡ್‌ನಂಥ ಕಾರುಗಳ ಬಾಗಿಲ ಮೇಲೆ ಐದು ಬಟನ್. ಐದಂಕಿಯ ಸಂಖ್ಯೆ ಒತ್ತಿದರೆ ಬಾಗಿಲು ತೆರೆಯುತ್ತೆ. ಕೈಯಲ್ಲಿ ರಿಮೋಟ್ ಇಲ್ಲ, ಅದರೊಳಗೆ ಬ್ಯಾಟರಿ ಇಲ್ಲ, ಗಾಳಿಯಲ್ಲಿ ಸಿಗ್ನಲ್ಲೂ ಇಲ್ಲ. ಮರೆತು ಹೋಗಬಹುದಾದದ್ದು ಒಂದೇ, ನಂಬರ್.

ಗಮನಿಸಿ, ಇಲ್ಲಿ ಗುಟ್ಟು ಇದ್ದದ್ದು ನಿಮ್ಮ ತಲೆಯಲ್ಲಿ. ಮುಂದೆ ಅದು ನಿಮ್ಮ ಜೇಬಿಗೆ ಇಳಿಯಿತು. ಕಷ್ಟಗಳು ಶುರುವಾದದ್ದೂ ಅಲ್ಲಿಂದಲೇ.

ಭಾಗ 3: ಬೆಳಕಿನ ಕೀ (1982)

1982ರಲ್ಲಿ ಫ್ರಾನ್ಸ್‌ನ ರೆನೋ ಫ್ಯೂಗೋ ಕಾರಿಗೆ ದೂರದಿಂದಲೇ ಬಾಗಿಲು ತೆರೆಯುವ ರಿಮೋಟ್ ಬಂತು. ರೂಪಿಸಿದವರು ಪಾಲ್ ಲಿಪ್ಶುಟ್ಜ್. ಅವರ ಹೆಸರಿನಿಂದಲೇ ಫ್ರೆಂಚರು ಈ ರಿಮೋಟ್‌ಗೆ 'ಪ್ಲಿಪ್' ಅಂತ ಕರೆದರು, ಈಗಲೂ ಕರೀತಾರೆ.

ಅದು ನಮ್ಮ ಟಿವಿ ರಿಮೋಟ್ ಥರ, ಇನ್‌ಫ್ರಾರೆಡ್ ಬೆಳಕು. ಗುರಿ ಇಟ್ಟು ಒತ್ತಬೇಕು. ನಡುವೆ ಯಾರಾದ್ರೂ ನಿಂತ್ರೆ, ಗಾಜಿನ ಮೇಲೆ ಕೆಸರಿದ್ರೆ, ರಣಬಿಸಿಲಿದ್ರೆ ಕೆಲಸ ಕೆಡುತ್ತೆ. ಆದರೆ ಬೆಳಕಿಗೆ ಒಂದು ಒಳ್ಳೆ ಗುಣ ಇತ್ತು: ಗೋಡೆ ದಾಟಲ್ಲ. ಪಕ್ಕದ ಮನೆಯ ಪೆಟ್ಟಿಗೆ ನಿಮ್ಮ ಬಾಗಿಲಿಗೆ ಅಡ್ಡ ಬರೋ ಹಾಗಿರಲಿಲ್ಲ.

ಭಾಗ 4: ರೇಡಿಯೋ ಬಂತು, ಗದ್ದಲವೂ ಬಂತು

ರೇಡಿಯೋಗೆ ಗುರಿ ಬೇಕಿಲ್ಲ. ಜೇಬಿನೊಳಗಿಂದಲೇ ಒತ್ತಬಹುದು. ಹಾಗಾಗಿ ಎಲ್ಲರೂ ಅದಕ್ಕೇ ಹೋದರು. ಅಮೆರಿಕ, ಜಪಾನ್‌ನಲ್ಲಿ 315 ಮೆಗಾಹರ್ಟ್ಜ್, ಯುರೋಪಿನಲ್ಲಿ 433.92. ನಮ್ಮ ಕಾರುಗಳಲ್ಲೂ ಸಾಮಾನ್ಯವಾಗಿ 433ರ ಆಸುಪಾಸು.

ಆದರೆ ಈ ತರಂಗ ಕಾರಿಗೆ ಮಾತ್ರ ಮೀಸಲಲ್ಲ. ಗೇಟ್ ರಿಮೋಟ್, ವೈರ್‌ಲೆಸ್ ಕಾಲಿಂಗ್ ಬೆಲ್, ಟೈರ್ ಗಾಳಿ ಅಳೆಯುವ ಸೆನ್ಸರ್, ಎಲ್ಲಾ ಅಲ್ಲೇ ಮಾತಾಡ್ತಾವೆ. ನಿಮ್ಮ ಕೀ ಒಂದು ಪುಟ್ಟ ಬಟನ್ ಬ್ಯಾಟರಿಯಿಂದ ಪಿಸುಗುಡುತ್ತೆ. ಪಕ್ಕದಲ್ಲಿ ಮೈಕ್ ಸೆಟ್ ಕೂಗ್ತಿದ್ರೆ ಪಿಸುಮಾತು ಕೇಳುತ್ತಾ? ಓಹಾಯೋದಲ್ಲಿ ಆಗಿದ್ದು ಇಷ್ಟೇ.

ಹಾಗಾಗಿ ಮೊದಲ ಪರೀಕ್ಷೆ ಇದು. ಕೀ ಒಂದೇ ಜಾಗದಲ್ಲಿ ಮಾತ್ರ ಕೈ ಕೊಡುತ್ತಾ, ಎಲ್ಲಾ ಕಡೆನಾ? ಒಂದೇ ಜಾಗ ಅಂದ್ರೆ ತಪ್ಪು ಕೀಯದ್ದಲ್ಲ, ಜಾಗದ್ದು. ಎಲ್ಲಾ ಕಡೆ, ಜೊತೆಗೆ ದಿನೇ ದಿನೇ ಹತ್ತಿರ ಹೋಗಬೇಕಾಗ್ತಿದೆ ಅಂದ್ರೆ ಬ್ಯಾಟರಿ ಮುಗೀತಿದೆ. ಹೆಚ್ಚಿನ ಕೀಗಳಲ್ಲಿ ಇರೋದು 3 ವೋಲ್ಟಿನ ಸಿಆರ್2032. ನಿಮ್ಮದರಲ್ಲಿ ಯಾವುದು ಅಂತ ತೆಗೆದಾಗ ಅದರ ಮೇಲೇ ಬರೆದಿರುತ್ತೆ.

ಭಾಗ 5: ಹಾಲಿನ ಲೆಕ್ಕದ ಪುಸ್ತಕ

ಮೊದಲ ರೇಡಿಯೋ ಕೀಗಳು ಪ್ರತಿ ಸಲವೂ ಒಂದೇ ಸಂಕೇತ ಕಳಿಸ್ತಿದ್ವು. ಕಳ್ಳ ಅದನ್ನು ಒಮ್ಮೆ ರೆಕಾರ್ಡ್ ಮಾಡಿ ಮತ್ತೆ ಬಿಟ್ಟರೆ ಸಾಕು, ಬಾಗಿಲು ಅವನದು.

ಇದಕ್ಕೆ ಉತ್ತರ ಬಂದದ್ದು ದಕ್ಷಿಣ ಆಫ್ರಿಕಾದಿಂದ. 1980ರ ದಶಕದ ನಡುವೆ ನ್ಯಾನೋಟೆಕ್ ಎಂಬ ಕಂಪನಿಯಲ್ಲಿ 'ಕೀಲಾಕ್' ಹುಟ್ಟಿತು. 1995ರಲ್ಲಿ ಅಮೆರಿಕದ ಮೈಕ್ರೋಚಿಪ್ ಕಂಪನಿ ಅದನ್ನು ಸುಮಾರು 1 ಕೋಟಿ ಡಾಲರ್ ಕೊಟ್ಟು ಕೊಂಡಿತು.

ಉಪಾಯ ಸರಳ. ಹಾಲಿನವನ ಹತ್ರ ಒಂದು ಲೆಕ್ಕದ ಪುಸ್ತಕ, ನಿಮ್ಮ ಮನೇಲಿ ಇನ್ನೊಂದು. ಪ್ರತಿ ಸಲ ಎರಡರಲ್ಲೂ ಒಂದು ಗೆರೆ. ಹಾಗೇ ಕೀಯಲ್ಲೊಂದು ಎಣಿಕೆ, ಕಾರಲ್ಲೊಂದು ಎಣಿಕೆ. ಬಟನ್ ಒತ್ತಿದಾಗಲೆಲ್ಲ ಎಣಿಕೆ ಮುಂದೆ ಹೋಗುತ್ತೆ, ಗೂಢಲಿಪಿಯಲ್ಲಿ ಅಡಗಿ ಹೊರಡುತ್ತೆ. ಹಳೆಯ ಎಣಿಕೆ ಮತ್ತೆ ಬಂದ್ರೆ ಕಾರು ಒಪ್ಪಲ್ಲ.

ಈಗ ನಿಮ್ಮ ಮನೇಲಿ ಮಗು ಕೀ ಹಿಡ್ಕೊಂಡು ಸೋಫಾ ಮೇಲೆ ಕೂತು 50 ಸಲ ಒತ್ತಿತು ಅನ್ನಿ. ಕೀಯ ಪುಸ್ತಕದಲ್ಲಿ 50 ಗೆರೆ ಜಾಸ್ತಿ, ಕಾರಿಗೆ ಗೊತ್ತೇ ಇಲ್ಲ. ಕೀಲಾಕ್ ವಿನ್ಯಾಸದಲ್ಲಿ 16ರ ಒಳಗಿನ ವ್ಯತ್ಯಾಸವನ್ನು ಕಾರು ಕ್ಷಮಿಸುತ್ತೆ. ಅದಕ್ಕಿಂತ ಹೆಚ್ಚಾದ್ರೆ ಮೊದಲ ಒತ್ತಿಗೆ ತೆರೆಯಲ್ಲ, ತಕ್ಷಣ ಎರಡನೇ ಸಲ ಒತ್ತಿದ್ರೆ ಲೆಕ್ಕ ಸರಿ ಮಾಡಿಕೊಂಡು ತೆರೆಯುತ್ತೆ. ಒಂದು ಸಲಕ್ಕೆ ಆಗಲಿಲ್ಲ, ಎರಡನೇ ಸಲಕ್ಕೆ ಆಯ್ತು ಅನ್ನೋದರ ಹಿಂದೆ ಎಷ್ಟೋ ಸಲ ಇರೋದು ಇದೇ. ವ್ಯತ್ಯಾಸ ಅತಿಯಾದ್ರೆ ಮಾತ್ರ ಕೀಯನ್ನು ಕಾರಿಗೆ ಮತ್ತೆ ಪರಿಚಯಿಸಬೇಕು.

ಕಳ್ಳರೂ ಸುಮ್ಮನೆ ಕೂರಲಿಲ್ಲ ಅನ್ನಿ. 2015ರಲ್ಲಿ ಸ್ಯಾಮಿ ಕಾಮ್ಕರ್ ಎಂಬ ಭದ್ರತಾ ಸಂಶೋಧಕ ಒಂದು ಅಗ್ಗದ ಪೆಟ್ಟಿಗೆ ತೋರಿಸಿದರು. ಅದು ನಿಮ್ಮ ಮೊದಲ ಒತ್ತನ್ನು ತಡೆದು ಕದಿಯುತ್ತೆ. ನೀವು ಮತ್ತೆ ಒತ್ತಿದಾಗ ಎರಡನೆಯದನ್ನೂ ಕದ್ದು, ಮೊದಲನೆಯದನ್ನು ಬಿಟ್ಟು ಬಾಗಿಲು ತೆರೆಸುತ್ತೆ. ಎರಡನೆಯದು ಅದರ ಹತ್ತಿರವೇ ಉಳಿಯುತ್ತೆ! ನಿಮಗೆ ಕಾಣೋದು ಮಾತ್ರ ಅದೇ, ಎರಡನೇ ಸಲಕ್ಕೆ ಆಯ್ತು.

ಭಾಗ 6: ಜೇಬಿಂದ ತೆಗೆಯೋದೇ ಬೇಡ (1998)

1998ರಲ್ಲಿ ಮರ್ಸಿಡಿಸ್ ಬೆಂಝ್ ತನ್ನ ಹೊಸ ಎಸ್-ಕ್ಲಾಸ್ ಜೊತೆ 'ಕೀಲೆಸ್-ಗೋ' ಪರಿಚಯಿಸಿತು. ಹಿಡಿ ಮುಟ್ಟಿದ್ರೆ ಸಾಕು, ಬಾಗಿಲು ತೆರೆಯುತ್ತೆ.

ಇಲ್ಲಿ ಮಾತುಕತೆ ಎರಡು ದಾರಿಯಲ್ಲಿ. ಕಾರು ಸುಮಾರು 125 ಕಿಲೋಹರ್ಟ್ಜ್‌ನಲ್ಲಿ 'ಯಾರಿದ್ದೀರಿ?' ಅಂತ ಕೇಳುತ್ತೆ. ಆ ಕೂಗು ಒಂದೆರಡು ಮೀಟರ್ ಅಷ್ಟೇ ಹೋಗೋದು. ಕೀ 315 ಅಥವಾ 433ರಲ್ಲಿ ಉತ್ತರಿಸುತ್ತೆ. ಹಾಗಾಗಿ ಬಟನ್ ಕೆಲಸ ಮಾಡುತ್ತೆ, ಹಿಡಿ ಮುಟ್ಟಿದ್ರೆ ಮಾತ್ರ ಆಗಲ್ಲ ಅಂದ್ರೆ ಕೀಯ ಉತ್ತರ ಸರಿ ಇದೆ. ಕೆಟ್ಟಿರೋದು ಕಾರಿನ ಪ್ರಶ್ನೆ, ಇಲ್ಲಾ ಕೀಯ ಕಿವಿ, ಇಲ್ಲಾ ಹಿಡಿಯ ಸೆನ್ಸರ್. ಇಷ್ಟು ಹೇಳಿದ್ರೆ ಮೆಕ್ಯಾನಿಕ್‌ನ ಅರ್ಧ ಕೆಲಸ ಮುಗೀತು.

ಇನ್ನೊಂದು ವಿಷಯ. ಫೋನಿನ ಎಷ್ಟೋ ವೈರ್‌ಲೆಸ್ ಚಾರ್ಜರ್‌ಗಳು ಕೆಲಸ ಮಾಡೋದು ಸುಮಾರು 100ರಿಂದ 205 ಕಿಲೋಹರ್ಟ್ಜ್ ನಡುವೆ. ಅಂದ್ರೆ ಕಾರಿನ ಪ್ರಶ್ನೆಯ ನೆರೆಮನೆಯಲ್ಲೇ. ಚಾರ್ಜರ್ ಪಕ್ಕ ಕೀ ಇಟ್ಟು 'ಕೀ ಸಿಗುತ್ತಿಲ್ಲ' ಅಂತ ಕಾರು ಹೇಳಿದ್ರೆ ಗಾಬರಿ ಬೇಡ, ಕೀ ಆ ಕಡೆ ಇಡಿ.

ಭಾಗ 7: ನಿದ್ದೆ ಮಾಡುವ ಕೀ (2011ರಿಂದ ಈಚೆಗೆ)

ಕೀ ಹತ್ತಿರ ಇದ್ರೆ ಬಾಗಿಲು ತೆರೆಯುತ್ತೆ ಅಂದ್ವಿ. ಆದರೆ ಹತ್ತಿರ ಇದೆ ಅಂತ ಕಾರಿಗೆ ಹೇಗೆ ಗೊತ್ತು? ಕೂಗು ಕೇಳಿಸಿತು, ಉತ್ತರ ಬಂತು, ಅಷ್ಟೇ. 2011ರಲ್ಲಿ ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದ ಸಂಶೋಧಕರು 8 ಕಂಪನಿಗಳ 10 ಮಾದರಿ ಕಾರುಗಳನ್ನು ಪರೀಕ್ಷಿಸಿದ ವರದಿ ಪ್ರಕಟಿಸಿದರು. ನಡುವೆ ನಿಂತು ಕಾರಿನ ಕೂಗನ್ನು ಕೀವರೆಗೆ ದಾಟಿಸಿದರೆ ಹತ್ತೂ ಕಾರುಗಳು ಮೋಸ ಹೋದವು. ಗೂಢಲಿಪಿ ಒಡೆಯುವ ಅಗತ್ಯವೇ ಬರಲಿಲ್ಲ.

ಪರಿಹಾರ ಏನು? 2019ರಲ್ಲಿ ಫೋರ್ಡ್ ಬ್ರಿಟನ್ನಿನಲ್ಲಿ ಹೊಸ ಕೀ ಕೊಟ್ಟಿತು. 40 ಸೆಕೆಂಡ್ ಅಲುಗದೆ ಬಿದ್ದಿದ್ರೆ ಅದು ನಿದ್ದೆ ಹೋಗುತ್ತೆ, ಯಾರು ಕೂಗಿದ್ರೂ ಉತ್ತರ ಕೊಡಲ್ಲ. ಎತ್ತಿಕೊಂಡ್ರೆ ಏಳುತ್ತೆ. ಒಳ್ಳೇದೇ. ಆದರೆ ಇದು ಗೊತ್ತಿಲ್ಲದವರಿಗೆ ಅದೂ ಒಂದು 'ದೋಷ'ವೇ ಅಲ್ವಾ?

ಈ 40 ವರ್ಷದ ಕಥೆ ಇಷ್ಟೇ ನೋಡಿ. ಕಳ್ಳನಿಗೆ ಹಾಕಿದ ಪ್ರತಿ ಬೀಗವೂ ಒಂದಲ್ಲ ಒಂದು ದಿನ ಮಾಲೀಕನನ್ನೇ ಹೊರಗೆ ನಿಲ್ಲಿಸಿದೆ.

ಭಾಗ 8: ಸೇವ್ ಮಾಡಿ ಇಟ್ಕೊಳ್ಳಿ 🔑

1. ಒಂದೇ ಜಾಗದಲ್ಲಿ ತೊಂದರೆಯಾ? ಕೀಯನ್ನು ಕಾರಿಗೆ ತಾಗುವಷ್ಟು ಹತ್ತಿರ ತಂದು ಒತ್ತಿ. ಆದ್ರೆ ಸುತ್ತಲಿನ ರೇಡಿಯೋ ಗದ್ದಲ.
2. ಎಲ್ಲಾ ಕಡೆ ದೂರ ಕಡಿಮೆ ಆಗ್ತಿದೆಯಾ? ಮೊದಲು ಬ್ಯಾಟರಿ.
3. ಸ್ಪೇರ್ ಕೀ ಸರಿಯಾಗಿ ನಡೆಯುತ್ತಾ? ಹಾಗಿದ್ರೆ ಕಾರು ಚೆನ್ನಾಗಿದೆ, ತಪ್ಪು ಮೊದಲ ಕೀಯದ್ದು. ಎರಡೂ ನಡೆಯದಿದ್ರೆ ಕಾರು ಇಲ್ಲಾ ಜಾಗ.
4. ಎರಡನೇ ಒತ್ತಿಗೆ ತೆರೆಯಿತಾ? ಮನೇಲಿ ಆದ್ರೆ ಎಣಿಕೆ ತಪ್ಪಿರಬಹುದು. ಅಪರಿಚಿತ ಪಾರ್ಕಿಂಗ್‌ನಲ್ಲಿ ಪದೇ ಪದೇ ಆದ್ರೆ ಒತ್ತೋದು ಬಿಟ್ಟು ಲೋಹದ ಕೀ ಬಳಸಿ.
5. ಬಟನ್ ಸರಿ, ಹಿಡಿ ಮಾತ್ರ ಇಲ್ವಾ? ಭಾಗ 6 ಮತ್ತೆ ಓದಿ.
6. ಬ್ಯಾಟರಿ ಪೂರ್ತಿ ಸತ್ತಿದೆಯಾ? ಹೆಚ್ಚಿನ ಸ್ಮಾರ್ಟ್ ಕೀಗಳ ಹೊಟ್ಟೆಯಲ್ಲಿ ಒಂದು ಲೋಹದ ಕೀ ಇರುತ್ತೆ. ಒಳಗೆ ಹೋಗಿ ಸತ್ತ ಕೀಯನ್ನು ಸ್ಟಾರ್ಟ್ ಬಟನ್‌ಗೆ ತಾಗಿಸಿ, ಇಲ್ಲಾ ಮ್ಯಾನುಯಲ್ ಹೇಳುವ ಜಾಗದಲ್ಲಿ ಇಡಿ. ಅದರೊಳಗಿನ ಚಿಪ್‌ಗೆ ಬೇಕಾದ ಶಕ್ತಿಯನ್ನು ಕಾರೇ ಕೊಡುತ್ತೆ.

ಆ ಲೋಹದ ಕೀಯನ್ನು ಇವತ್ತೇ ಒಂದು ಸಲ ಹೊರಗೆ ಎಳೆದು, ಬಾಗಿಲಿಗೆ ಹಾಕಿ ತಿರುಗಿಸಿ ನೋಡಿ. ಕೆಲವು ಕಾರುಗಳಲ್ಲಿ ಅದರ ರಂಧ್ರ ಹಿಡಿಯ ಮುಚ್ಚಳದ ಕೆಳಗೆ ಅಡಗಿರುತ್ತೆ. ರಾತ್ರಿ ಹನ್ನೊಂದಕ್ಕೆ ಮಳೆಯಲ್ಲಿ ನಿಂತು ಹುಡುಕೋದಕ್ಕಿಂತ ಈಗ ಹುಡುಕೋದು ವಾಸಿ.

ಮತ್ತೆ, ನಿಮ್ಮ ಬೀದಿಯಲ್ಲಿ ಒಂದೇ ವಾರ ನಾಲ್ಕು ಕಾರುಗಳ ಕೀ ಕೈ ಕೊಟ್ರೆ ಕಳ್ಳ ಅಂತ ಕೂಗೋ ಮೊದಲು ಓಹಾಯೋದ ಆ ಮನೆಯನ್ನು ನೆನಪಿಸಿಕೊಳ್ಳಿ. ಬಾಗಿಲು ತಟ್ಟಿ ಕೇಳಿದ್ರೆ ಸಾಕಾಗಬಹುದು.

ನಿಮ್ಮ ಕೀ ಎಲ್ಲಿ, ಹೇಗೆ ಕೈ ಕೊಟ್ಟಿತ್ತು? ಕಾಮೆಂಟ್‌ನಲ್ಲಿ ಬರೆಯಿರಿ, ಯಾವ ಭಾಗದ ತೊಂದರೆ ಅಂತ ಒಟ್ಟಿಗೆ ಹುಡುಕೋಣ.

#ಕಾರಿನಕಥೆ #ಇತಿಹಾಸ #ಕನ್ನಡದಲ್ಲಿತಂತ್ರಜ್ಞಾನ