ಕನ್ನಡಕ ತೊಟ್ಟ ಕ್ಯಾಮೆರಾ

ಕನ್ನಡಕಕ್ಕೂ ಕ್ಯಾಮೆರಾಕ್ಕೂ ಇರುವ ನಂಟು ನಾವು ಎಣಿಸುವುದಕ್ಕಿಂತ ಹಳೆಯದು. 1604ರಲ್ಲಿ ಖಗೋಳಜ್ಞ ಯೋಹಾನೆಸ್ ಕೆಪ್ಲರ್ ಬೆಳಕಿನ ಶಾಸ್ತ್ರವನ್ನು ಕುರಿತು ಒಂದು ಗ್ರಂಥವನ್ನು ಪ್ರಕಟಿಸಿದನು. ಹೊರಗಿನ ವಸ್ತುವಿನ ಬಿಂಬ ಕಣ್ಣಿನೊಳಗೆ ಅಕ್ಷಿಪಟದ ಮೇಲೆ ತಲೆಕೆಳಗಾಗಿ ಮೂಡುತ್ತದೆಂದು ಅವನು ವಿವರಿಸಿದ್ದು ಅದರಲ್ಲಿಯೇ. ತಗ್ಗುಗಾಜು ಕೆಲವರ ಕಣ್ಣಿಗೂ ಉಬ್ಬುಗಾಜು ಕೆಲವರ ಕಣ್ಣಿಗೂ ಏಕೆ ಒದಗುತ್ತದೆಂದು ಕಾರಣ ಹೇಳಿದ್ದೂ ಅದರಲ್ಲಿಯೇ. ‘ಕ್ಯಾಮೆರಾ ಅಬ್‌ಸ್ಕ್ಯೂರ’, ಎಂದರೆ ಕತ್ತಲೆಯ ಕೋಣೆ, ಎಂಬ ಹೆಸರನ್ನು ಬಳಕೆಗೆ ತಂದ ಕೀರ್ತಿಯೂ ಅದೇ ಗ್ರಂಥಕ್ಕೆ ಸಲ್ಲುತ್ತದೆ. ಅದಕ್ಕೆ ಸುಮಾರು ಮುನ್ನೂರು ವರ್ಷ ಮೊದಲೇ ಇಟಲಿಯಲ್ಲಿ ಕನ್ನಡಕ ಜನರ ಮೂಗನ್ನು ಏರಿತ್ತು. ಅದು ಕೆಲಸ ಮಾಡುವ ಬಗೆ ಮಾತ್ರ ತಿಳಿದಿರಲಿಲ್ಲ. ಕೆಪ್ಲರನ ದೃಷ್ಟಿ ಬಾಲ್ಯದ ಸಿಡುಬಿನಿಂದ ಮಂದವಾಗಿತ್ತು. ದೃಷ್ಟಿಯ ಮರ್ಮವನ್ನು ಬಿಡಿಸಿದವನು ಸರಿಯಾಗಿ ಕಾಣದವನೆಂಬುದನ್ನು ನಾವು ಮರೆಯಬಾರದು.

1839ರಲ್ಲಿ ದಾಗೆರನ ವಿಧಾನ ಲೋಕಕ್ಕೆ ಪ್ರಕಟವಾದ ಮೇಲೆ ಬಂದ ದೊಡ್ಡ ಕ್ಯಾಮೆರಾಗಳಲ್ಲಿ ಕನ್ನಡಕದವನಿಗೆ ಅಷ್ಟೇನೂ ತೊಂದರೆಯಿರಲಿಲ್ಲ. ಹಿಂಭಾಗದಲ್ಲಿ ಒಂದು ಮಬ್ಬುಗಾಜು. ಅದರ ಮೇಲೆ ತಲೆಕೆಳಗಾದ ಬಿಂಬ. ಛಾಯಾಗ್ರಾಹಕನು ಕರಿಯ ಬಟ್ಟೆಯೊಳಗೆ ತಲೆ ತೂರಿಸಿ, ಪುಸ್ತಕ ಓದುವವನಂತೆ ಗಾಜನ್ನು ನಿಧಾನವಾಗಿ ನೋಡುತ್ತಿದ್ದನು. ಕಣ್ಣಿಗೂ ಗಾಜಿಗೂ ನಡುವೆ ಬೇಕಾದಷ್ಟು ಅಂತರವಿತ್ತು.

ಕ್ಯಾಮೆರಾ ಚಿಕ್ಕದಾಗಿ ಕಣ್ಣಿಗೆ ಅಂಟಿಕೊಂಡಾಗ ಪೇಚು ಆರಂಭವಾಯಿತು. ಜರ್ಮನಿಯ ವೆಟ್ಸ್‌ಲಾರ್ ಪಟ್ಟಣದಲ್ಲಿ ಸೂಕ್ಷ್ಮದರ್ಶಕಗಳನ್ನು ತಯಾರಿಸುತ್ತಿದ್ದ ಲೈಟ್ಸ್ ಸಂಸ್ಥೆಯಲ್ಲಿ ಆಸ್ಕರ್ ಬಾರ್ನಾಕ್ ಎಂಬ ಕುಶಲ ತಂತ್ರಜ್ಞನಿದ್ದನು. ಉಬ್ಬಸದ ರೋಗಿಯಾದ ಅವನಿಗೆ ಭಾರವಾದ ಪೆಟ್ಟಿಗೆಗಳನ್ನು ಹೊತ್ತು ತಿರುಗುವುದು ಕಷ್ಟ. ಸಿನಿಮಾ ಫಿಲ್ಮನ್ನೇ ಬಳಸಿ ಅವನು ರೂಪಿಸಿದ ಅಂಗೈ ಕ್ಯಾಮೆರಾ 1925ರ ಲೈಪ್‌ಜಿಗ್ ವಸಂತ ಮೇಳದಲ್ಲಿ ಲೈಕಾ ಎಂಬ ಹೆಸರಿನಿಂದ ಜನರ ಮುಂದೆ ಬಂದಿತು. ಒಬ್ಬನ ಉಬ್ಬಸ ಲೋಕದ ಛಾಯಾಗ್ರಾಹಕರ ಹೆಗಲ ಭಾರವನ್ನು ಇಳಿಸಿತು. ಆದರೆ ಆ ಮೊದಲ ಲೈಕಾದಲ್ಲಿ ಸ್ಫುಟತೆಯನ್ನು ಕಣ್ಣಿನಿಂದ ಪರೀಕ್ಷಿಸುವ ಉಪಾಯವೇ ಇರಲಿಲ್ಲ. ದೂರವನ್ನು ಅಂದಾಜು ಮಾಡಬೇಕು, ಇಲ್ಲವೇ ಬೇರೊಂದು ದೂರಮಾಪಕದಿಂದ ಅಳೆಯಬೇಕು. ಆಮೇಲೆ ಮಸೂರದ ಉಂಗುರವನ್ನು ಆ ಅಂಕಿಗೆ ತಿರುಗಿಸಬೇಕು.

1932ರ ಎರಡನೆಯ ಲೈಕಾದಲ್ಲಿ ದೂರಮಾಪಕ ಮಸೂರಕ್ಕೇ ಜೋಡಣೆಯಾಯಿತು. ಉಂಗುರವನ್ನು ತಿರುಗಿಸುತ್ತ ಹೋದಂತೆ ಎರಡು ಬಿಂಬಗಳು ಹತ್ತಿರ ಬಂದು ಒಂದಾಗುತ್ತವೆ; ಒಂದಾದಾಗ ಫೋಕಸ್ ಕೂಡಿತೆಂದು ಅರ್ಥ. ಮಂದದೃಷ್ಟಿಯವರಿಗೆ ಇದು ದೊಡ್ಡ ಉಪಕಾರ. ಯಾವುದು ಹೆಚ್ಚು ಸ್ಫುಟ, ಯಾವುದು ಕಡಮೆ ಎಂದು ನಿರ್ಣಯಿಸುವುದು ಕಠಿನ. ಎರಡು ಗೆರೆಗಳು ಒಂದಕ್ಕೊಂದು ಕೂಡಿದುವೋ ಇಲ್ಲವೋ ಎಂಬುದನ್ನು ನಮ್ಮ ಕಣ್ಣು ಆಶ್ಚರ್ಯವಾಗುವಷ್ಟು ನಿಖರವಾಗಿ ಹೇಳಬಲ್ಲುದು.

ಇನ್ನೊಂದು ದಾರಿ ಕನ್ನಡಿಯದು. 1936ರಲ್ಲಿ ಡ್ರೆಸ್ಡೆನ್ನಿನಿಂದ ಬಂದ ಕೀನೆ ಎಕ್ಸಾಕ್ಟಾದಲ್ಲಿ ಮಸೂರದ ಬಿಂಬವನ್ನೇ ಕನ್ನಡಿಯ ಮೂಲಕ ಮೇಲಿನಿಂದ ಬಗ್ಗಿ ನೋಡಬೇಕಾಗಿತ್ತು. ಎಡವು ಬಲವಾಗಿ, ಬಲವು ಎಡವಾಗಿ ಕಾಣುತ್ತಿತ್ತು. 1949ರಲ್ಲಿ ಅದೇ ಊರಿನ ಕಾಂಟಾಕ್ಸ್ ಎಸ್, ಐಮೂಲೆಯ ಪಟ್ಟಕವೊಂದನ್ನು ತಲೆಯ ಮೇಲಿಟ್ಟುಕೊಂಡು, ನೇರವಾದ ಬಿಂಬವನ್ನು ಕಣ್ಣಿನ ಮಟ್ಟಕ್ಕೆ ತಂದಿತು. ಮುಂದೆ ಜಪಾನಿನವರು ಈ ಮಾದರಿಯನ್ನು ಪರಿಷ್ಕರಿಸಿ, 1959ರ ನಿಕಾನ್ ಎಫ್‌ನಂಥ ಕ್ಯಾಮೆರಾಗಳಿಂದ ಜಗತ್ತಿನ ಮಾರುಕಟ್ಟೆಯನ್ನು ಗೆದ್ದರು.

ಈ ಜಾಣತನದ ನಡುವೆ ಕನ್ನಡಕದವನ ಗತಿಯೇನು? ಕ್ಯಾಮೆರಾದ ಕಿಂಡಿಯಲ್ಲಿ ಚಿತ್ರದ ನಾಲ್ಕು ಮೂಲೆಗಳೂ ಕಾಣಬೇಕಾದರೆ ಕಣ್ಣು ಅದಕ್ಕೆ ಸಮೀಪವಾಗಿರಬೇಕು. ಕನ್ನಡಕದ ಗಾಜು ಕಣ್ಣಿನಿಂದ ಸುಮಾರು 12 ಮಿಲಿಮೀಟರು ಮುಂದಿರುತ್ತದೆ. ಆ ಬೆರಳಗಲವೂ ಇಲ್ಲದ ಅಂತರದಲ್ಲಿ ಚಿತ್ರದ ಅಂಚು ಮಾಯವಾಗುತ್ತದೆ. ಕಿಂಡಿಯ ಲೋಹದ ಕಟ್ಟು ಗಾಜನ್ನು ಗೀರುವ ಭಯ ಬೇರೆ. ಕನ್ನಡಕ ತೆಗೆದು, ಕಿಂಡಿಗೇ ಒಂದು ಸರಿದೂಗಿಸುವ ಮಸೂರ ಹಾಕಿಸಬಹುದೆನ್ನಿ. ಆದರೆ ಅಂಥ ಸಾಮಾನ್ಯ ಮಸೂರ ಓರೆದೃಷ್ಟಿಯ ಸಿಲಿಂಡರ್ ದೋಷವನ್ನು ತಿದ್ದಲಾರದು. ಕ್ಯಾಮೆರಾ ಕೆಳಗಿಳಿಸಿದೊಡನೆ ಎದುರಿನ ಲೋಕವೆಲ್ಲ ಮಂಜು!

1982ರಲ್ಲಿ ನಿಕಾನಿನವರು ಎಫ್-3 ಕ್ಯಾಮೆರಾಕ್ಕೆ ಹೊಸದೊಂದು ಕಿಂಡಿಯನ್ನು ಅಳವಡಿಸಿದರು. ಕಣ್ಣು 25 ಮಿಲಿಮೀಟರು ಹಿಂದಿದ್ದರೂ ಚಿತ್ರ ಪೂರ್ತಿಯಾಗಿ ಕಾಣುವಂತಾಯಿತು. ಅದಕ್ಕೆ ತೆತ್ತ ಬೆಲೆ ಸ್ವಲ್ಪವೇ: ಬಿಂಬ ಕೊಂಚ ಚಿಕ್ಕದಾಯಿತು. ನನ್ನಂಥವರನ್ನೂ ಲೆಕ್ಕಕ್ಕೆ ಹಿಡಿದು ಮಾಡಿದ ಕಿಂಡಿ ಅದು.

ಇದಕ್ಕಿಂತ ಸೊಗಸಾದುದು 1954ರ ಲೈಕಾ ಎಂ-3ರ ಸಂಗತಿ. ಹೆಮ್ಮೆಯ ಕ್ಯಾಮೆರಾ ಅದು. ಹೆಚ್ಚುಕಡಮೆ ಬರಿಗಣ್ಣಿಗೆ ಕಾಣುವಷ್ಟೇ ದೊಡ್ಡದಾಗಿ ಕಾಣುವ ಬಿಂಬ. ಆದರೆ 50 ಮಿಲಿಮೀಟರು ಮಸೂರಕ್ಕಿಂತ ಅಗಲವಾದ ನೋಟವನ್ನು ಅದರ ಕಿಂಡಿ ತೋರಿಸದು. ಹಾಗಾಗಿ ಅದಕ್ಕೆಂದು ಮಾಡಿದ 35 ಮಿಲಿಮೀಟರು ಮಸೂರಕ್ಕೆ ಎರಡು ಗಾಜುಗಳ ಒಂದು ಜೋಡಣೆ ಸೇರಿಸಿದರು. ಅದು ಕ್ಯಾಮೆರಾದ ಕಿಂಡಿಗಳ ಮುಂದೆ ಕುಳಿತು ನೋಟವನ್ನು ಅಗಲ ಮಾಡುತ್ತಿತ್ತು. ಜರ್ಮನರು ಅದನ್ನು ಕರೆದದ್ದು ಕನ್ನಡಕವೆಂದೇ! ಕಡೆಗೆ ಕ್ಯಾಮೆರಾವೂ ಕನ್ನಡಕ ತೊಟ್ಟಿತು.

ನಾನು ಈ ವಿದ್ಯೆಗೆ ಕೈಯಿಟ್ಟದ್ದು ನಲವತ್ತು ದಾಟಿದ ಮೇಲೆ. ನಮ್ಮ ಹಿರಿಯರು ಓದುವ ಕನ್ನಡಕವನ್ನು ಚಾಳೀಸು ಎಂದರು. ಹಿಂದಿಯ ನಲವತ್ತರ ಸಂಖ್ಯೆಯೇ ಆ ಮಾತು. ಕಾಲೇಜಿನಲ್ಲಿ ಹಳಗನ್ನಡ ಪಾಠ ಹೇಳುವ ನನಗೆ ಊರೂರಿನ ವೀರಗಲ್ಲುಗಳ ಮೇಲಿನ ಬರಹಗಳನ್ನು ಚಿತ್ರ ತೆಗೆದಿಡುವ ಹಂಬಲ. ಕಲ್ಲಿನ ಮೇಲೆ ‘ಪ’ಕ್ಕೂ ‘ಷ’ಕ್ಕೂ ಒಂದು ಗೀರಿನ ಅಂತರ. ರಸ್ತೆ ಅಗಲ ಮಾಡುವಾಗ ಕಲ್ಲು ಎತ್ತ ಹೋಗುವುದೋ! ಉಳಿಯುವುದು ಚಿತ್ರವೊಂದೇ ಆದಾಗ, ಆ ಗೀರು ಅದರಲ್ಲಿ ಕಾಣಲೇಬೇಕು.

ನನ್ನ ಬಳಿ ಇರುವುದು ಹೀಲಿಯೋಸ್ ಎಂಬ 58 ಮಿಲಿಮೀಟರಿನ ರಷ್ಯದ ಮಸೂರ. ಜರ್ಮನಿಯ ಝೈಸ್ ಬಯೋಟಾರಿನ ವಿನ್ಯಾಸದಿಂದ ಹುಟ್ಟಿದ್ದು. ಕಿಂಡಿಯೊಳಗಿನ ಬಿಂಬ ಸುಮಾರು ಒಂದು ಮೀಟರು ದೂರದಲ್ಲಿರುವಂತೆ ಕಾಣುವುದರಿಂದ ಕನ್ನಡಕದ ಮೇಲ್ಭಾಗದಲ್ಲಿ ನೋಡಬೇಕು. ಮಸೂರದ ಮೇಲಿನ ಸಣ್ಣ ಅಂಕಿಗಳನ್ನು ಓದಲು ಕೆಳಭಾಗ ಬೇಕು. ದೂರದಿಂದ ನೋಡುವವರಿಗೆ ನಾನು ವೀರನಿಗೆ ತಲೆಬಾಗಿ ನಮಸ್ಕರಿಸುತ್ತಿರುವಂತೆ ತೋರೀತು! ಒಂದು ಮೀಟರಿನಿಂದ ಮಸೂರವನ್ನು ಎಫ್ 2ಕ್ಕೆ ಪೂರ್ತಿಯಾಗಿ ತೆರೆದರೆ ಸ್ಫುಟವಾಗಿರುವ ಆಳ ಮೂರೂವರೆ ಸೆಂಟಿಮೀಟರು ಮಾತ್ರ. ಆದ್ದರಿಂದ ತೆರೆದಿಟ್ಟೇ ಫೋಕಸ್ ಮಾಡಬೇಕು. ತಪ್ಪಿದರೆ ತಕ್ಷಣ ಗೊತ್ತಾಗುತ್ತದೆ. ಅನಂತರ ಎಫ್ 8ಕ್ಕೆ ಕಿರಿದು ಮಾಡಿದರೆ ಆಳ ನಾಲ್ಕರಷ್ಟಾಗಿ, ನಮ್ಮ ಕಣ್ಣಿನ ಸಣ್ಣ ಕೊರತೆಯನ್ನು ಅದು ತುಂಬಿಕೊಡುತ್ತದೆ. ಜಾತ್ರೆ ಸಂತೆಗಳಲ್ಲಾದರೆ ಬಾರ್ನಾಕನ ಕಾಲದ ಅಂದಾಜೇ ಲೇಸು: 35 ಮಿಲಿಮೀಟರಿನ ಮಸೂರವನ್ನು ಎಫ್ 8ರಲ್ಲಿ ಐದು ಮೀಟರಿಗೆ ನಿಲ್ಲಿಸಿದರೆ ಸುಮಾರು ಎರಡೂವರೆ ಮೀಟರಿನಿಂದ ದಿಗಂತದವರೆಗೆ ಎಲ್ಲವೂ ಸ್ಫುಟ.

1985ರಲ್ಲಿ ಮಿನೋಲ್ಟಾ 7000 ತಾನೇ ಫೋಕಸ್ ಮಾಡತೊಡಗಿತು. ಇಂದು ಜೇಬಿನ ಫೋನೂ ಮಾಡುತ್ತದೆ. ಅದರ ಉಪಕಾರವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಸವೆದ ಕಲ್ಲಿನಲ್ಲಿ ಯಾವ ಗೀರು ಅಕ್ಷರ, ಯಾವುದು ಮಳೆಯ ಗಾಯ ಎಂಬುದು ಯಂತ್ರಕ್ಕೆ ತಿಳಿಯಬೇಕಾದ ಸಂಗತಿಯಲ್ಲ. ಅಲ್ಲಿ ಉಂಗುರವನ್ನು ತಿರುಗಿಸುವ ಕೈ ಓದುಗನ ಕೈಯಾಗಿರಬೇಕು. ಮುಂದಿನ ವರ್ಷ ನನ್ನ ಕನ್ನಡಕದ ನಂಬರು ಇನ್ನಷ್ಟು ಏರೀತು. ಅಷ್ಟರೊಳಗೆ ನಮ್ಮ ತಾಲ್ಲೂಕಿನ ಕಲ್ಲುಗಳನ್ನಾದರೂ ಮುಗಿಸಬೇಕು.